ಡೇಮನ್ ಅಲೆನ್: ಓಡ್ತಾ ಓಡ್ತಾ ಪಾಸ್ ರೆಕಾರ್ಡ್ ಮಾಡಿದ ಕ್ವಾರ್ಟರ್‌ಬ್ಯಾಕ್

ಕ್ವಾರ್ಟರ್‌ಬ್ಯಾಕ್ ಅಂದ್ರೆ ಚೆಂಡು ಕೈಗೆ ತಗೊಂಡು ಟೀಮ್‌ನ ದಾಳಿ ನಡೆಸೋನು, ಪಾಸ್ ಎಸೆಯೋದ್ರ ಜೊತೆ ತಾನೇ ಓಡೋಕೂ ಬಂದ್ರೆ ಅವ್ನು ಡ್ಯುಯಲ್ ಥ್ರೆಟ್. ಇದನ್ನ ಕಲಿಯೋರು ಮೊದ್ಲು ಎರಡು ನಂಬರ್ ಬರ್ಕೊಳ್ಳಿ. ಪಾಸಿಂಗ್‌ನಲ್ಲಿ 72,381 ಯಾರ್ಡ್, ಓಟದಲ್ಲಿ 11,920 ಯಾರ್ಡ್. ಎರಡೂ ಡೇಮನ್ ಅಲೆನ್‌ದೇ, 1985ರಿಂದ 2007ರವರೆಗೆ 23 ಸೀಸನ್, ಎಲ್ಲಾ ಕೆನಡಿಯನ್ ಫುಟ್‌ಬಾಲ್ ಲೀಗ್‌ (ಸಿಎಫ್‌ಎಲ್) ನಲ್ಲೇ. ಎಲ್ರೂ ಮೊದಲನೇ ನಂಬರ್ ಬಗ್ಗೆನೇ ಮಾತಾಡ್ತಾರೆ, ಆದ್ರೆ ಎರಡನೇದು ಅರ್ಥ ಆಗ್ದೆ ಮೊದಲನೇದು ಹೇಗೆ ಬಂತು ಅಂತ ಗೊತ್ತಾಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಯಾಕೆ ಅಂತ ತಿಳ್ಕೊಳೋಕೆ ರೂಲ್ಸ್ ಕಡೆ ಹೋಗ್ಬೇಕು. ಅಮೆರಿಕನ್ ಆಟದಲ್ಲಿ 10 ಯಾರ್ಡ್ ಮುಂದೆ ಹೋಗೋಕೆ 4 ಚಾನ್ಸ್ ಅಂದ್ರೆ 4 ಡೌನ್, ಕೆನಡಾದಲ್ಲಿ 3 ಅಷ್ಟೇ, ಅದ್ರಲ್ಲೂ ಮೂರನೇದ್ರಲ್ಲಿ ಸಾಮಾನ್ಯವಾಗಿ ಚೆಂಡನ್ನ ಒದ್ದು ಕಳಿಸ್ತಾರೆ, ಹಾಗಾಗಿ ಕೈಲಿರೋದು ನಿಜವಾಗ್ಲೂ ಎರಡೇ. ಮೊದಲನೇ ಡೌನ್‌ನಲ್ಲಿ 3 ಯಾರ್ಡ್ ಸಿಕ್ತು ಅಂದ್ಕೊಳ್ಳಿ, ಇನ್ನೂ 7 ಬೇಕು, ಪಾಸ್ ಬರುತ್ತೆ ಅಂತ ಎದುರಾಳಿಗೂ ಗೊತ್ತು, ಅವ್ರ ಡಿಫೆನ್ಸ್ ಹಿಂದಕ್ಕೆ ಸರಿಯುತ್ತೆ. ಇಲ್ಲಿ ಮೈದಾನದ ಅಗಲ 65 ಯಾರ್ಡ್, ಅಮೆರಿಕದಲ್ಲಿ 53 ಚಿಲ್ಲರೆ. ಪಾಸ್ ಹಿಡಿಯೋ ರಿಸೀವರ್‌ಗಳು ಡಿಫೆಂಡರ್‌ಗಳನ್ನ ಎಳ್ಕೊಂಡು ದೂರ ಹೋದ ಮೇಲೆ ನಡುವೆ ಎಷ್ಟು ಜಾಗ ಖಾಲಿ ಉಳಿಯುತ್ತೆ ಯೋಚ್ನೆ ಮಾಡಿ. ಕ್ವಾರ್ಟರ್‌ಬ್ಯಾಕ್‌ಗೆ ಓಡೋಕೆ ಬರುತ್ತೆ ಅಂದ್ರೆ ಆ 7 ಯಾರ್ಡ್ ಅವ್ನೇ ತಗೋತಾನೆ. ಅದನ್ನ ತಡೆಯೋಕೆ ಒಬ್ಬ ಲೈನ್‌ಬ್ಯಾಕರ್‌ನ (ಡಿಫೆನ್ಸ್‌ನ ನಡುಸಾಲಲ್ಲಿ ನಿಲ್ಲೋನು) ಅವ್ನ ಮೇಲೆ ಕಾವಲಿಗೆ ಬಿಟ್ರೆ, ರಿಸೀವರ್‌ಗಳ ಕಡೆ ಒಬ್ಬ ಕಮ್ಮಿ ಆದ, ಈಗ ಪಾಸ್ ಸುಲಭ. ಕ್ರಿಕೆಟ್ ಆಲ್‌ರೌಂಡರ್ ಬ್ಯಾಟಿಂಗ್ ಒಂದು ಹೊತ್ತಲ್ಲಿ ಬೌಲಿಂಗ್ ಒಂದು ಹೊತ್ತಲ್ಲಿ ಮಾಡ್ತಾನೆ, ಇವ್ನು ಮಾತ್ರ ಎರಡನ್ನೂ ಒಂದೇ ಕ್ಷಣದಲ್ಲಿ ಕೈಲಿಟ್ಕೊಂಡಿರ್ತಾನೆ, ಯಾವ್ದು ಅಂತ ಕೊನೇ ಘಳಿಗೆವರೆಗೂ ಯಾರಿಗೂ ಗೊತ್ತಾಗಲ್ಲ.

ಈಗ ಕೆರಿಯರ್. ಅಲೆನ್ ಹುಟ್ಟಿದ್ದು 1963ರಲ್ಲಿ ಸ್ಯಾನ್ ಡಿಯಾಗೋದಲ್ಲಿ, ಅಣ್ಣ ಮಾರ್ಕಸ್ ಅಲೆನ್ ಅಮೆರಿಕದ ಲೀಗ್ ಎನ್‌ಎಫ್‌ಎಲ್‌ನ ದೊಡ್ಡ ರನ್ನಿಂಗ್ ಬ್ಯಾಕ್, ಅಂದ್ರೆ ಚೆಂಡು ಹಿಡ್ಕೊಂಡು ಓಡೋನು. ಆ ಕಾಲದಲ್ಲಿ ಕಪ್ಪು ಹುಡುಗ್ರು ಕ್ವಾರ್ಟರ್‌ಬ್ಯಾಕ್ ಆಗ್ತೀನಿ ಅಂದ್ರೆ ಅಮೆರಿಕದಲ್ಲಿ ಬೇರೆ ಜಾಗಕ್ಕೆ ತಳ್ತಿದ್ರು, ಅದಕ್ಕೇ ಕ್ವಾರ್ಟರ್‌ಬ್ಯಾಕ್ ವಾರೆನ್ ಮೂನ್ ಥರದವ್ರು ಕೆನಡಾದ ಎಡ್ಮಂಟನ್‌ಗೆ ಹೋಗಿ 1978ರಿಂದ 1982ರವರೆಗೆ ಸತತ ಐದು ಗ್ರೇ ಕಪ್ (ಸಿಎಫ್‌ಎಲ್ ಚಾಂಪಿಯನ್‌ಶಿಪ್) ಗೆದ್ದ ಟೀಮ್‌ನಲ್ಲಿ ಆಡಿದ್ದು. ಇದನ್ನ ನೋಟ್ಸ್‌ನಿಂದ ಬಿಡ್ಬೇಡಿ, ಇಷ್ಟೊಂದು ಒಳ್ಳೆ ಡ್ಯುಯಲ್ ಥ್ರೆಟ್ ಆಟಗಾರ್ರು ಕೆನಡಾಗೆ ಯಾಕೆ ಹೋದ್ರು ಅನ್ನೋದಕ್ಕೆ ಆಟದ ರೂಲ್ಸ್ ಒಂದೇ ಕಾರಣ ಅಲ್ಲ.

ಅಲೆನ್ ಕೂಡ ಎಡ್ಮಂಟನ್‌ನಲ್ಲೇ ಶುರು ಮಾಡಿದ್ದು. 1987ರ ಗ್ರೇ ಕಪ್ ಫೈನಲ್‌ನಲ್ಲಿ ಟೀಮ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಡನಿಗನ್‌ಗೆ ಪೆಟ್ಟಾಯ್ತು, ಬೆಂಚ್ ಮೇಲಿದ್ದ ಅಲೆನ್ ಒಳಗ್ ಬಂದ, ಟೊರಾಂಟೊ ಮೇಲೆ 38-36, ಜೆರ್ರಿ ಕೌರಿಕ್ ಕೊನೇ ನಿಮಿಷದಲ್ಲಿ ಫೀಲ್ಡ್ ಗೋಲ್ (ಚೆಂಡನ್ನ ಗೋಲ್ ಕಂಬಗಳ ನಡುವೆ ಒದ್ದು ಪಾಯಿಂಟ್) ಹೊಡೆದ, ಫೈನಲ್‌ನ ಶ್ರೇಷ್ಠ ಆಟಗಾರ ಅಂತ ಅಲೆನ್‌ನ ಆರಿಸಿದ್ರು. ಆಮೇಲೆ ಒಟ್ಟಾವ, ಅಲ್ಲಿ 1991ರಲ್ಲಿ ಒಂದೇ ಸೀಸನ್‌ನಲ್ಲಿ ಓಡಿನೇ ಸಾವಿರ ಯಾರ್ಡ್ ದಾಟಿಸಿದ, ಆಮೇಲೆ ಹ್ಯಾಮಿಲ್ಟನ್, ಮತ್ತೆ ಎಡ್ಮಂಟನ್‌ಗೆ ಬಂದು 1993ರ ಕಪ್, 1995ರಲ್ಲಿ ಒಂದೇ ವರ್ಷ ಬದುಕಿದ್ದ ಮೆಂಫಿಸ್ ಟೀಮ್, ಆಮೇಲೆ ಬಿ.ಸಿ. (ಬ್ರಿಟಿಷ್ ಕೊಲಂಬಿಯಾ) ಲಯನ್ಸ್ ಜೊತೆ 2000ದ ಕಪ್. ಆ ವರ್ಷ ಲಯನ್ಸ್ ಲೀಗ್ ಹಂತದಲ್ಲಿ ಗೆದ್ದಿದ್ದು 8, ಸೋತಿದ್ದು 10, ಆದ್ರೂ ಕಪ್ ಎತ್ತಿದ್ರು!

ನನಗೆ ಎಲ್ಲಕ್ಕಿಂತ ಇಷ್ಟ ಟೊರಾಂಟೊ ವರ್ಷಗಳು, ಅಂದ್ರೆ 2003ರ ನಂತರದ್ದು. ನಲವತ್ತರ ಕಾಲಲ್ಲಿ ಇಪ್ಪತ್ತೈದರ ವೇಗ ಇರಲ್ಲ, ನಿಜ. ಆದ್ರೆ ಇಷ್ಟು ವರ್ಷ ಓಡಿದವನು ಇವತ್ತೂ ಓಡಬಹುದು ಅನ್ನೋ ಅನುಮಾನ ಇದ್ರೆ ಸಾಕು, ಡಿಫೆನ್ಸ್ ಒಬ್ಬನ್ನ ಅವ್ನಿಗೋಸ್ಕರ ಉಳಿಸ್ಕೊಳ್ಳೇಬೇಕು. 2004ರ ಸೀಸನ್ ಮಧ್ಯೆ ಕಾಲು ಮುರಿದು ಹೊರಗಿದ್ದ, ವಾಪಸ್ ಬಂದು ಫೈನಲ್‌ನಲ್ಲಿ ತನ್ನ ಹಳೇ ಟೀಮ್ ಲಯನ್ಸ್ ಮೇಲೆನೇ ಎರಡು ಟಚ್‌ಡೌನ್ (ಎದುರಾಳಿಯ ಕೊನೇ ಗೆರೆ ದಾಟಿ ಪಾಯಿಂಟ್) ಓಡಿ ಮಾಡಿದ, ಒಂದು ಪಾಸ್ ಕೊಟ್ಟು ಮಾಡಿಸಿದ, 27-19. ಮುಂದಿನ ವರ್ಷ 42ನೇ ವಯಸ್ಸಲ್ಲಿ 5,082 ಯಾರ್ಡ್ ಪಾಸ್ ಮಾಡಿ ಲೀಗ್‌ನ ಅತ್ಯುತ್ತಮ ಆಟಗಾರ. ಸುಮ್ನೆ ಗೌರವಕ್ಕೆ ಕೊಟ್ಟ ಪ್ರಶಸ್ತಿ ಅಲ್ಲ ಅದು.

2006ರಲ್ಲಿ ಹ್ಯಾಮಿಲ್ಟನ್ ವಿರುದ್ಧ ಲೇಬರ್ ಡೇ (ಸೆಪ್ಟೆಂಬರ್‌ನ ಮೊದಲ ಸೋಮವಾರ) ಮ್ಯಾಚ್‌ನಲ್ಲಿ ಮೂನ್ ಸಿಎಫ್‌ಎಲ್, ಎನ್‌ಎಫ್‌ಎಲ್ ಎರಡು ಲೀಗ್ ಸೇರಿಸಿ ಪಾಸ್ ಮಾಡಿದ್ದ 70,553 ಯಾರ್ಡ್ ದಾಟಿದ. 2011ರಲ್ಲಿ ಮಾಂಟ್ರಿಯಲ್‌ನ ಕ್ವಾರ್ಟರ್‌ಬ್ಯಾಕ್ ಆಂಥನಿ ಕ್ಯಾಲ್ವಿಲೊ ಪಾಸಿಂಗ್‌ನಲ್ಲಿ ಇವ್ನನ್ನೂ ದಾಟಿದ, ಸರಿ. ಆದ್ರೆ ರಿಟೈರ್ ಆದಾಗ ಸಿಎಫ್‌ಎಲ್‌ನ ಒಟ್ಟು ಓಟದ ಪಟ್ಟಿಯಲ್ಲಿ ಅಲೆನ್ ಮೂರನೇಯವ, ಮುಂದಿದ್ದೋರು ಮೈಕ್ ಪ್ರಿಂಗಲ್, ಜಾರ್ಜ್ ರೀಡ್, ಇಬ್ರೂ ಓಡೋದೇ ಕೆಲಸ ಆಗಿದ್ದ ರನ್ನಿಂಗ್ ಬ್ಯಾಕ್‌ಗಳು. ಹಳೇ ಮ್ಯಾಚ್ ಸಿಕ್ಕಿದ್ರೆ ನೋಡಿ, ಎರಡನೇ ಡೌನ್ ಬಂದಾಗ ಮೊದ್ಲು ಅಲೆನ್‌ನ ನೋಡ್ಬೇಡಿ, ಎದುರಿಗಿರೋ ಲೈನ್‌ಬ್ಯಾಕರ್ ಹಿಂದಕ್ಕೆ ಹೋಗ್ತಾನಾ ನಿಂತಲ್ಲೇ ಕಾಯ್ತಾನಾ ನೋಡಿ, ಚೆಂಡು ಎಲ್ಲಿಗೆ ಹೋಗುತ್ತೆ ಅಂತ ಅರ್ಧ ಉತ್ತರ ಅಲ್ಲೇ ಸಿಗುತ್ತೆ.