ಕ್ಲಿಕ್ ಎಣಿಸುವ ಮೊದಲು ಸ್ಪ್ರಿಂಗ್ ನೋಡಿ

ವಾರವಿಡೀ ಬೆಂಗಳೂರಿನ ಹಂಪು, ಗುಂಡಿ. ಕೆಲವು ತಿಂಗಳಿಗೊಮ್ಮೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್, ಇಲ್ಲವೇ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಸಸ್ಪೆನ್ಷನ್ ಕೆಲಸಕ್ಕೆ ನಮ್ಮಲ್ಲಿಗೆ ಬರುವ ಕಾರುಗಳಲ್ಲಿ ಇಂಥವೇ ಜಾಸ್ತಿ. ಮಾಲೀಕರು ಮೊದಲು ಕೇಳುವುದು, ‘ಕಾಯಿಲೋವರಿನಲ್ಲಿ ಎಷ್ಟು ಕ್ಲಿಕ್ ಇದೆ?’ ಅಂತ. ಕಾಯಿಲೋವರ್ ಅಂದರೆ ಸ್ಪ್ರಿಂಗ್, ಡ್ಯಾಂಪರ್ ಒಟ್ಟಿಗೆ ಇರುವ, ಎತ್ತರ ಬದಲಿಸಬಹುದಾದ ಸೆಟ್; ಕ್ಲಿಕ್ ಅಂದರೆ ಅದರ ನಾಬ್ ತಿರುಗಿಸುವಾಗಿನ ಒಂದೊಂದು ಹಂತ. ಕ್ಲಿಕ್ ಜಾಸ್ತಿ ಇದ್ದರೆ ಊರಲ್ಲಿ ಮೆತ್ತಗೆ ಇಟ್ಟುಕೊಂಡು ಟ್ರ್ಯಾಕಿನಲ್ಲಿ ಗಟ್ಟಿ ಮಾಡಬಹುದು ಎಂಬ ಲೆಕ್ಕ. ಆದರೆ ನಾಬ್ ತಿರುಗಿಸಿದರೆ ಬದಲಾಗುವುದು ಡ್ಯಾಂಪರ್ ಮಾತ್ರ, ಅಂದರೆ ಸ್ಪ್ರಿಂಗಿನ ತೂಗಾಟ ತಡೆಯುವ ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಇದ್ದ ಹಾಗೇ ಇರುತ್ತದೆ.

ಪೋಲೋ ಗಾತ್ರದ ಕಾರು ತೆಗೆದುಕೊಳ್ಳಿ. ಮುಂದಿನ ಒಂದೊಂದು ಸ್ಪ್ರಿಂಗ್ ಮೇಲೆ ಸುಮಾರು 300 ಕೆ.ಜಿ. ಭಾರ ಇದೆ ಅಂದುಕೊಳ್ಳೋಣ. ಮಿಲಿಮೀಟರಿಗೆ 2.5 ಕೆ.ಜಿ.ಯ (ಒಂದು ಮಿ.ಮೀ. ಕುಗ್ಗಲು ಅಷ್ಟು ಭಾರ ಬೇಕಾಗುವ) ಸ್ಪ್ರಿಂಗ್ ಹಾಕಿದರೆ ಅದು ನಿಂತಲ್ಲೇ 120 ಮಿ.ಮೀ. ಕುಗ್ಗುತ್ತದೆ, ಕಾರು ಸೆಕೆಂಡಿಗೆ 1.4 ಸಲ ಮೇಲೆ ಕೆಳಗೆ ತೂಗುತ್ತದೆ. ಕಂಪನಿಯಿಂದ ಬರುವ ಸಾಮಾನ್ಯ ಕಾರುಗಳು 1ರಿಂದ 1.5ರ ಒಳಗೇ ಇರುತ್ತವೆ. ಅದೇ ಜಾಗಕ್ಕೆ 5 ಕೆ.ಜಿ.ಯದು ಹಾಕಿ: ಕುಗ್ಗುವುದು 60 ಮಿ.ಮೀ., ತೂಗುವುದು 2 ಸಲ. 8 ಕೆ.ಜಿ.ಯದಾದರೆ ಕುಗ್ಗುವುದು 38 ಮಿ.ಮೀ. ಅಷ್ಟೇ, ತೂಗುವುದು 2.6 ಸಲ.

ಈ 38 ಮಿ.ಮೀ. ಮೇಲೆ ಸ್ವಲ್ಪ ಗಮನ ಇಡಿ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಅದನ್ನು ಕೆಳಕ್ಕೆ ಒತ್ತಿ ಹಿಡಿಯಬಲ್ಲದ್ದು ಅಷ್ಟು ದೂರ ಮಾತ್ರ. ಅದಕ್ಕಿಂತ ಆಳಕ್ಕೆ ಹೋದರೆ ಸ್ಪ್ರಿಂಗ್ ಖಾಲಿ, ಟೈರಿನ ಹಿಡಿತವೂ ಹೋಯಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆಯ ಹಂಪೇ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರುತ್ತದೆ. ಬಡಾವಣೆಗಳ ಒಳಗಿನವು ಇದಕ್ಕಿಂತ ಕಿರಿದು, ಚೂಪು. ಮಳೆಯಲ್ಲಿ ಇಂಥ ರಸ್ತೆಯ ಮೇಲೆ ಟ್ರ್ಯಾಕ್ ಸ್ಪ್ರಿಂಗಿನ ಕಾರು ಬ್ರೇಕ್ ಹಾಕುವಾಗ ಟೈರ್ ನೆಲ ಬಿಡುವುದು ನಿಜವಾದ ಅಪಾಯ. ಬರೀ ಬೆನ್ನುನೋವಿನ ಮಾತಲ್ಲ ಇದು. ಹಾಗಾಗಿ ದಿನವೂ ಓಡಿಸುವ ಇಂಥ ಕಾರಿಗೆ ನಾನು 4ರಿಂದ 5 ಕೆ.ಜಿ.ಯ ಮೇಲೆ ಹೋಗಲು ಒಪ್ಪುವುದಿಲ್ಲ. ಲ್ಯಾಪಿನಲ್ಲಿ ಸ್ವಲ್ಪ ಸಮಯ ಹೋಗುತ್ತದೆ, ಹೋಗಲಿ.

ಇನ್ನು ನಾಬ್. ಡ್ಯಾಂಪರಿನಲ್ಲಿ ಲೋ ಸ್ಪೀಡ್, ಹೈ ಸ್ಪೀಡ್ ಅಂದರೆ ಕಾರಿನ ವೇಗ ಅಲ್ಲ, ಅದರ ರಾಡ್ ಚಲಿಸುವ ವೇಗ. ಬ್ರೇಕ್ ಹಾಕಿದಾಗ ಮೂತಿ ಬಾಗುವುದು, ತಿರುವಿನಲ್ಲಿ ಬಾಡಿ ವಾಲುವುದು ಲೋ ಸ್ಪೀಡ್. ನೀವು 20 ಕಿ.ಮೀ. ವೇಗದಲ್ಲಿ ಗುಂಡಿಯ ಅಂಚಿಗೆ ಹೊಡೆದರೂ ರಾಡಿನ ಮಟ್ಟಿಗೆ ಅದು ಹೈ ಸ್ಪೀಡ್. ಒಂದೇ ನಾಬ್ ಇರುವ ಹೆಚ್ಚಿನ ಸೆಟ್‌ಗಳಲ್ಲಿ ಅದು ಒಳಗಿನ ಸಣ್ಣ ಎಣ್ಣೆದಾರಿಯನ್ನು ಹಿರಿದು ಕಿರಿದು ಮಾಡುತ್ತದೆ. ಅದರ ಪರಿಣಾಮ ಮುಖ್ಯವಾಗಿ ಲೋ ಸ್ಪೀಡಿನಲ್ಲಿ. ಅದಕ್ಕೇ ಪೂರ್ತಿ ಮೆತ್ತಗೆ ತಿರುಗಿಸಿದರೂ ಗುಂಡಿಯ ಏಟು ಕಡಿಮೆ ಆಗಲ್ಲ, ಕಾರು ಮಾತ್ರ ತೇಲಾಡುತ್ತದೆ.

ಉಲ್ಟಾ ತಪ್ಪೂ ಇದೆ. ರೀಬೌಂಡ್, ಅಂದರೆ ಕುಗ್ಗಿದ ಸ್ಪ್ರಿಂಗ್ ಮತ್ತೆ ಹಿಗ್ಗುವಾಗ ಡ್ಯಾಂಪರ್ ಒಡ್ಡುವ ತಡೆ, ತೀರಾ ಬಿಗಿ ಮಾಡಿದರೆ ಕುಗ್ಗಿದ ಚಕ್ರ ಮತ್ತೆ ಇಳಿಯುವ ಮೊದಲೇ ಮುಂದಿನ ಗುಂಡಿ ಬಂದಿರುತ್ತದೆ. ಸಾಲು ಗುಂಡಿಗಳಲ್ಲಿ ಕಾರು ಕೆಳಕ್ಕೆ ಕೂರುತ್ತಾ ಹೋಗಿ ಬಂಪ್ ಸ್ಟಾಪ್ (ಕುಗ್ಗುವಿಕೆಯ ಕೊನೆಯಲ್ಲಿ ತಡೆಯುವ ರಬ್ಬರ್) ಮುಟ್ಟುತ್ತದೆ. ‘ಸ್ಪ್ರಿಂಗ್ ಗಟ್ಟಿ ಆಯ್ತು ಸಾರ್’ ಅಂತ ಬಂದ ಎಷ್ಟೋ ಕಾರುಗಳಲ್ಲಿ ರೀಬೌಂಡ್ ನಾಲ್ಕಾರು ಕ್ಲಿಕ್ ಸಡಿಲಿಸಿದ್ದೇ ಮದ್ದು.

ಯಾವುದು ಕೊಳ್ಳಬೇಕು? ಬಿಲ್‌ಸ್ಟೈನ್ ಬಿ14, ಕೆಡಬ್ಲ್ಯೂ ವೇರಿಯಂಟ್ 1 ಈ ಕಾಯಿಲೋವರ್ ಸೆಟ್‌ಗಳಲ್ಲಿ ಎತ್ತರ ಮಾತ್ರ ಬದಲಿಸಬಹುದು. ವೇರಿಯಂಟ್ 2ರಲ್ಲಿ ರೀಬೌಂಡ್ ಇದೆ, 3ರಲ್ಲಿ ಕಂಪ್ರೆಷನ್ (ಕುಗ್ಗುವಾಗಿನ ತಡೆ) ಕೂಡ ಬೇರೆಯಾಗಿ. ಬಿಸಿ ರೇಸಿಂಗ್ ಬಿಆರ್‌ನಲ್ಲಿ 30 ಕ್ಲಿಕ್, ಆದರೆ ಒಂದೇ ನಾಬ್ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ. ಅಳೆದು ನೋಡುವ ತಾಳ್ಮೆ ಇಲ್ಲದವರಿಗೆ ಒಳಗಿನ ವಾಲ್ವ್ ಚೆನ್ನಾಗಿ ಹೊಂದಿಸಿದ, ನಾಬೇ ಇಲ್ಲದ ಸೆಟ್ ಒಳ್ಳೆಯದು. ಟೈರ್ ಬದಲಿಸಿ, ಡೇಟಾ ನೋಡಿ ಕಲಿಯುವ ಆಸೆ ಇದ್ದರೆ ರೀಬೌಂಡ್ ಹೊಂದಿಸಬಹುದಾದ ಸೆಟ್ ಸಾಕು. ಕಂಪ್ರೆಷನ್ ನಾಬಿಗೆ ದುಡ್ಡು ಹಾಕುವ ಮೊದಲು ಒಳ್ಳೆಯ ಟೈರ್, ಬ್ರೇಕ್ ಪ್ಯಾಡ್ ಹಾಕಿಸಿ.

ಎತ್ತರದ ವಿಷಯದಲ್ಲಿ ನನ್ನದು ಹಟ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಡ್ಯಾಂಪರ್ ಒಂದೇ ಕಂಬವಾಗಿರುವ ಜೋಡಣೆ) ಇರುವ ಕಾರನ್ನು ತುಂಬಾ ತಗ್ಗಿಸಿದರೆ ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮ್ ಕೋನ ಕೆಟ್ಟು, ರೋಲ್ ಸೆಂಟರ್ (ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿನ ತೂಕದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಆಗ ವಾಲಿಕೆ ಕಡಿಮೆಯಾಗುವ ಬದಲು ಅದೇ ಸ್ಪ್ರಿಂಗಿನ ಮೇಲೆ ಜಾಸ್ತಿಯೇ ಆಗಬಹುದು. 15–20 ಮಿ.ಮೀ. ಸಾಕು. ಕ್ಯಾಂಬರ್ ಮೈನಸ್ ಒಂದೂವರೆ ಡಿಗ್ರಿ ಇದ್ದರೂ, ಅಂದರೆ ಚಕ್ರದ ಮೇಲ್ತುದಿ ಅಷ್ಟು ಒಳಕ್ಕೆ ವಾಲಿದ್ದರೂ, ಟೈರ್ ಅಷ್ಟೇನೂ ಬೇಗ ಸವೆಯುವುದಿಲ್ಲ. ಟೈರ್ ತಿನ್ನುವುದು ತಪ್ಪಿದ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಹಾಗಾಗಿ ಎತ್ತರ ಮುಟ್ಟಿದಾಗಲೆಲ್ಲ ಅಲೈನ್‌ಮೆಂಟ್ ಮಾಡಿಸಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. ವಿಮೆ ಕಂಪನಿಯ ಜೊತೆ ಮೊದಲೇ ಮಾತಾಡಿಕೊಳ್ಳಿ.

ಸೆಟ್ ಕೂರಿಸಿದ ಮೇಲೆ ಕ್ಲಿಕ್ಕುಗಳನ್ನು ಯಾವಾಗಲೂ ಪೂರ್ತಿ ಬಿಗಿಯಾದ ಕಡೆಯಿಂದ ಎಣಿಸಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಟೈರ್ ಪ್ರೆಷರ್ ಜೊತೆಗೆ ಬರೆದಿಡಿ. ಮಂಗಳೂರು, ಉಡುಪಿ ಕಡೆಯವರು ಕಾಲರಿನ (ಎತ್ತರ ಬದಲಿಸಲು ತಿರುಗಿಸುವ ಬಳೆಯ) ಥ್ರೆಡ್ಡನ್ನು ಪ್ರತಿ ಮಳೆಗಾಲದ ಮೊದಲೂ ನಂತರವೂ ಬ್ರಷ್ ಹಾಕಿ ತೊಳೆಯಿರಿ. ಉಪ್ಪುಗಾಳಿಗೆ ಕಾಲರ್ ಕಚ್ಚಿಕೊಂಡರೆ ಆಮೇಲೆ ಎತ್ತರ ಬದಲಿಸುವುದೇ ಕಷ್ಟ.