ಅಂಡಮಾನಿನ ಹಡಗು ಯಾರದು?

ಓದುಗರ ಪ್ರಶ್ನೆ: ಅಂಡಮಾನಿಗೆ ಹೋಗುವ ಪ್ರಯಾಣಿಕರ ಹಡಗುಗಳು ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾದವಲ್ಲವೇ? ಸರ್ಕಾರ ಆ ಕಂಪನಿಯನ್ನು ಮಾರಿದರೆ ಹಡಗು ನಿಂತುಹೋಗುತ್ತದೆಯೇ?

ಕಂಪನಿಯಲ್ಲಿರುವ ಸರ್ಕಾರದ ಶೇ 63.75 ಪಾಲನ್ನು ಮಾರಲು ಕೇಂದ್ರ ಸಚಿವ ಸಂಪುಟವು 2019ರ ನವೆಂಬರಿನಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟಂದಿನಿಂದ ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಪ್ರಶ್ನೆಯ ಮೊದಲ ಅರ್ಧವೇ ತಪ್ಪು ತಿಳಿವಳಿಕೆಯ ಮೇಲೆ ನಿಂತಿರುವುದರಿಂದ ಎರಡನೆಯ ಅರ್ಧಕ್ಕೆ ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸಲಾಗದು. ಆದ್ದರಿಂದ ಈ ಸಲ ಬೇರಿನಿಂದಲೇ ಬಿಡಿಸಿ ಹೇಳುತ್ತೇನೆ.

ಈ ಮಾರ್ಗದಲ್ಲಿ ಹೆಸರಾದ ನಾನ್‌ಕೌರಿ, ನಿಕೋಬಾರ್, ಸ್ವರಾಜ್ ದ್ವೀಪ್ ಹಡಗುಗಳು ಅಂಡಮಾನ್ ಮತ್ತು ನಿಕೋಬಾರ್ ಆಡಳಿತದ ಆಸ್ತಿ. ಶಿಪ್ಪಿಂಗ್ ಕಾರ್ಪೊರೇಷನ್ ಅವುಗಳನ್ನು ನಡೆಸಿಕೊಟ್ಟ ಸಂಸ್ಥೆ. ಮಲೆನಾಡಿನ ಕಾಫಿ ತೋಟದ ರೈಟರನ್ನು ನೆನಪಿಸಿಕೊಂಡರೆ ಈ ಏರ್ಪಾಡು ತಟ್ಟನೆ ಅರ್ಥವಾಗುತ್ತದೆ. ಆಳುಗಳನ್ನು ಕರೆಸುವುದು, ಕೆಲಸ ಹಂಚುವುದು, ಹಾಜರಿ ಬರೆಯುವುದು, ವಾರದ ಬಟವಾಡೆ ಮಾಡುವುದು ಎಲ್ಲವೂ ರೈಟರ ಕೈಯಲ್ಲೇ ಇರುತ್ತದೆ. ತೋಟಕ್ಕೆ ಬಂದವರಿಗೆ ಕಾಣುವುದೂ ಅವರ ಮುಖವೇ. ಆದರೆ ತೋಟ ಸಾಹುಕಾರರದು, ಬೆಳೆ ಕೈಕೊಟ್ಟ ವರ್ಷದ ನಷ್ಟವೂ ಅವರದೇ. ಹಾಗೆಯೇ ಕ್ಯಾಪ್ಟನ್ನರಿಂದ ಖಲಾಸಿಯವರೆಗೆ ಸಿಬ್ಬಂದಿಯನ್ನು ಒದಗಿಸುವುದು, ಎಂಜಿನ್ನಿನ ಆರೋಗ್ಯ ನೋಡಿಕೊಳ್ಳುವುದು, ಗಡುವಿಗೆ ಸರಿಯಾಗಿ ಹಡಗನ್ನು ನೀರು ಬತ್ತಿಸಿ ದುರಸ್ತಿ ಮಾಡುವ ಕಟ್ಟೆಯಾದ ಡ್ರೈ ಡಾಕ್‌ಗೆ ಏರಿಸಿ ಪ್ರಮಾಣಪತ್ರ ನವೀಕರಿಸುವುದು ನಿರ್ವಾಹಕರ ಕೆಲಸ. ಪ್ರಯಾಣದರವನ್ನು ನಿಗದಿ ಮಾಡುವುದು ಮಾತ್ರ ಆಡಳಿತ. ದ್ವೀಪವಾಸಿಗೆ ಒಂದು ದರ, ನಮ್ಮ ನಿಮ್ಮಂತಹ ಮುಖ್ಯಭೂಮಿಯವರಿಗೆ ಅದಕ್ಕಿಂತ ಹೆಚ್ಚಿನ ದರ ಇರುವುದು ಕಂಪನಿಯ ವ್ಯಾಪಾರಬುದ್ಧಿಯಿಂದಲ್ಲ. ದ್ವೀಪದವರಿಗೆ ಈ ಹಡಗು ಊರಿನ ಬಸ್ಸಿದ್ದ ಹಾಗೆ ಎಂಬ ಕಾರಣದಿಂದ. ಆ ದರದಲ್ಲಿ ಹುಟ್ಟದ ಖರ್ಚನ್ನು ಸರ್ಕಾರದ ಬೊಕ್ಕಸ ತುಂಬಿಕೊಡುತ್ತದೆ.

ಹಾಗಾದರೆ ಇಷ್ಟು ಜನ ತಪ್ಪು ತಿಳಿದದ್ದು ಹೇಗೆ? ಟಿಕೆಟ್ಟಿನ ಮಾತು ಬಂದಾಗಲೆಲ್ಲ ಕಂಪನಿಯ ಹೆಸರೇ ಕಿವಿಗೆ ಬೀಳುವುದು ಒಂದು ಕಾರಣ. ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಹರ್ಷವರ್ಧನದಂತಹ ಕಂಪನಿಯ ಸ್ವಂತ ಹಡಗೂ ಒಂದು ಕಾಲದಲ್ಲಿ ಇದೇ ಮಾರ್ಗದಲ್ಲಿ ಓಡಾಡುತ್ತಿದ್ದುದು ಇನ್ನೊಂದು. ಇವೆರಡರ ಜೊತೆಗೆ, ಕಂಪನಿಯ ನಿಜವಾದ ದುಡಿಮೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದರ ಐವತ್ತಕ್ಕೂ ಹೆಚ್ಚು ಹಡಗುಗಳಲ್ಲಿ ಬಹುಪಾಲು ಕಚ್ಚಾತೈಲ ಮತ್ತು ತೈಲೋತ್ಪನ್ನ ಸಾಗಿಸುವ ಟ್ಯಾಂಕರುಗಳು. ಉಳಿದವು ಕಲ್ಲಿದ್ದಲು, ಅದಿರು ಹೊರುವ ಹಡಗುಗಳು, ಕಂಟೇನರ್ ಹಡಗುಗಳು, ಸಮುದ್ರದ ನಡುವಿನ ತೈಲಬಾವಿಗಳಿಗೆ ಸಾಮಾನು ಮುಟ್ಟಿಸುವ ಹಡಗುಗಳು. ಕಂಪನಿಯ ಹೊಟ್ಟೆ ತುಂಬಿಸುವುದು ಇವೇ ಹೊರತು ಅಂಡಮಾನಿನ ಟಿಕೆಟ್ಟಲ್ಲ.

ಮಾಲೀಕ ಒಬ್ಬ, ನಡೆಸುವವ ಇನ್ನೊಬ್ಬ ಎಂಬ ಪದ್ಧತಿ ಈ ಕಂಪನಿಯ ಹುಟ್ಟಿನಲ್ಲೇ ಇದೆ. 1950ರಲ್ಲಿ ಸ್ಥಾಪನೆಯಾದ ಈಸ್ಟರ್ನ್ ಶಿಪ್ಪಿಂಗ್ ಕಾರ್ಪೊರೇಷನ್ನಿನ ಬಂಡವಾಳದಲ್ಲಿ ದೊಡ್ಡ ಪಾಲು ಸರ್ಕಾರದ್ದಾಗಿದ್ದರೂ ಅದನ್ನು ನಡೆಸುತ್ತಿದ್ದದ್ದು ಸಿಂಧಿಯಾ ಕಂಪನಿ. 1919ರ ಏಪ್ರಿಲ್ 5ರಂದು ಲಾಯಲ್ಟಿ ಎಂಬ ಹಡಗನ್ನು ಮುಂಬೈಯಿಂದ ಲಂಡನ್ನಿಗೆ ಹೊರಡಿಸಿ ಬ್ರಿಟಿಷ್ ಕಂಪನಿಗಳಿಗೆ ಎದುರು ನಿಂತ ಅದೇ ಸಿಂಧಿಯಾ. 1956ರಲ್ಲಿ ಸರ್ಕಾರ ಈಸ್ಟರ್ನ್ ಅನ್ನು ಪೂರ್ತಿಯಾಗಿ ವಹಿಸಿಕೊಂಡಿತು, ಅದೇ ವರ್ಷ ವೆಸ್ಟರ್ನ್ ಶಿಪ್ಪಿಂಗ್ ಕಾರ್ಪೊರೇಷನ್ ಹುಟ್ಟಿತು, 1961ರ ಅಕ್ಟೋಬರ್ 2ರಂದು ಎರಡೂ ಕೂಡಿ ಇಂದಿನ ಕಂಪನಿಯಾಯಿತು. ಮುಂದೆ ಜಯಂತಿ ಶಿಪ್ಪಿಂಗ್ 1973ರಲ್ಲಿಯೂ, ತಲೆಮಾರುಗಳ ಕಾಲ ಹಜ್ ಯಾತ್ರಿಕರನ್ನು ಜಿದ್ದಾಕ್ಕೆ ಕರೆದೊಯ್ದ ಮೊಘಲ್ ಲೈನ್ 1986ರಲ್ಲಿಯೂ ಇದರೊಳಗೆ ಸೇರಿದವು.

ಈಗ ಮೂಲ ಪ್ರಶ್ನೆ. ಕಂಪನಿ ಕೈಬದಲಾದ ಮಾತ್ರಕ್ಕೆ ಆಡಳಿತದ ಹಡಗುಗಳು ಯಾರ ಪಾಲೂ ಆಗುವುದಿಲ್ಲ. ನಿರ್ವಹಣೆಯ ಕರಾರನ್ನು ಹೊಸ ಮಾಲೀಕರೊಂದಿಗೆ ಮುಂದುವರಿಸಬೇಕೋ ಬೇರೆಯವರಿಗೆ ಕೊಡಬೇಕೋ ಎಂಬ ತೀರ್ಮಾನ ಆಡಳಿತದ ಮುಂದೆ ಬರುತ್ತದೆ, ಅಷ್ಟೇ. ಇದಕ್ಕಿಂತ ಹೆಚ್ಚಾಗಿ ಚಿಂತಿಸಬೇಕಾದದ್ದು ಹಡಗುಗಳ ವಯಸ್ಸಿನ ಬಗ್ಗೆ. 1,200 ಪ್ರಯಾಣಿಕರನ್ನು ಹೊರುವ ಒಂದು ಹಡಗು ಡ್ರೈ ಡಾಕ್‌ನಲ್ಲಿ ಕುಳಿತರೆ ಅದರ ಜಾಗಕ್ಕೆ ತರಲು ಇನ್ನೊಂದು ಸಿದ್ಧವಾಗಿ ನಿಂತಿರುವುದಿಲ್ಲ.

ತಡವಾಗುವುದಕ್ಕೂ ಕಂಪನಿಯನ್ನೇ ಬೈಯುವವರಿಗಾಗಿ ಒಂದು ಮಾತು. ಚೆನ್ನೈಯಿಂದ ಸುಮಾರು 1,200 ಕಿ.ಮೀ. ದಾರಿ, ಹೆಚ್ಚುಕಡಿಮೆ ಮೂರು ದಿನ. ಕೋಲ್ಕತ್ತದಿಂದ ಹೊರಟರೆ ಸಮುದ್ರ ಕಾಣುವ ಮೊದಲೇ ಹೂಗ್ಲಿ ನದಿಯ ಪರೀಕ್ಷೆ ದಾಟಬೇಕು. ಡಾಕಿನ ಬಾಗಿಲು ದಾಟಲು ಉಬ್ಬರ ಏರುವುದನ್ನು ಕಾಯಬೇಕು. ಮರಳದಿಣ್ಣೆಗಳು ಜಾಗ ಬದಲಿಸುತ್ತಲೇ ಇರುವ ಆ ನದಿಯಲ್ಲಿ ನೀರಿನ ದಾರಿ ಬಲ್ಲ ಮಾರ್ಗದರ್ಶಿ, ಅಂದರೆ ಪೈಲಟ್, ಇಲ್ಲದೆ ಹಡಗು ಅಲುಗಾಡುವಂತಿಲ್ಲ. 200 ಕಿ.ಮೀ.ಗೂ ಹೆಚ್ಚು ದೂರ ದಾರಿ ತೋರಿಸಿದ ಮೇಲೆ ಆತ ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಹಗ್ಗದ ಏಣಿ ಹಿಡಿದು, ಕೆಳಗೆ ಅಲೆಯ ಮೇಲೆ ಏಳುತ್ತ ಬೀಳುತ್ತಿರುವ ದೋಣಿ ಮೇಲೇರಿದ ಕ್ಷಣವನ್ನೇ ನೋಡಿ ಅದಕ್ಕೆ ಕಾಲಿಡುತ್ತಾನೆ. ಪ್ರಯಾಣಿಕರಲ್ಲಿ ಹೆಚ್ಚಿನವರು ಆ ಹೊತ್ತಿಗೆ ಬಂಕಿನಲ್ಲಿ ಮಲಗಿರುತ್ತಾರೆ.

ಇಷ್ಟು ಹೇಳಿದ ಮೇಲೆ, ಯಾರೂ ನೇರವಾಗಿ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸಬೇಕೆನಿಸುತ್ತದೆ: ಮಂಗಳೂರಿನಿಂದ ಮುಂಬೈಗೆ ಏಕೆ ಇಂತಹ ಹಡಗಿಲ್ಲ? ನಮ್ಮ ಕರಾವಳಿಯ ಹಿರಿಯರು ಆಗಬೋಟು ಎಂದು ಕರೆಯುತ್ತಿದ್ದ ಉಗಿಹಡಗುಗಳು ಕಾರವಾರಕ್ಕೂ ಮಂಗಳೂರಿಗೂ ಬರುತ್ತಿದ್ದವು. ನೇತ್ರಾವತಿ–ಗುರುಪುರ ನದಿಗಳ ಅಳಿವೆಯಲ್ಲಿ ಆಳ ಸಾಲದೆ ಅವು ದೂರದಲ್ಲೇ ಲಂಗರು ಹಾಕುತ್ತಿದ್ದವು, ಜನ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು, ಮಳೆಗಾಲದಲ್ಲಿ ಸಂಚಾರವೇ ಇರುತ್ತಿರಲಿಲ್ಲ. 1975ರಲ್ಲಿ ಪಣಂಬೂರಿನ ಆಳವಾದ ಬಂದರು ಉದ್ಘಾಟನೆಯಾಗುವ ಹೊತ್ತಿಗೆ ಜನ ಹೆದ್ದಾರಿಯ ಬಸ್ಸು ಹತ್ತಿಯಾಗಿತ್ತು, 1998ರಲ್ಲಿ ಕೊಂಕಣ ರೈಲು ಉಳಿದವರನ್ನೂ ಕರೆದುಕೊಂಡಿತು. ರಸ್ತೆಯೂ ರೈಲೂ ಇರುವ ಊರಿಗೆ ನಷ್ಟ ತುಂಬಿಕೊಟ್ಟು ಹಡಗು ಓಡಿಸಲು ಯಾವ ಸರ್ಕಾರವೂ ಮುಂದಾಗದು. ಆದರೆ ಅದೇ ಮಂಗಳೂರಿನ ಹಳೇ ಬಂದರಿನ ದಕ್ಕೆಯಲ್ಲಿ ಮಳೆಗಾಲ ಮುಗಿದ ಮೇಲೆ ನಿಂತು ನೋಡಿ: ಸಿಮೆಂಟು, ಜಲ್ಲಿ, ಅಕ್ಕಿ, ತರಕಾರಿ ತುಂಬಿಕೊಂಡು ಮಂಜಿ ಎಂಬ ಮರದ ಸರಕು ಹಡಗುಗಳು ಇಂದಿಗೂ ಲಕ್ಷದ್ವೀಪಕ್ಕೆ ಹೊರಡುತ್ತವೆ.