ಡಬ್ಬಿಯೊಳಗಿನ ಅರಳೆ: ನಮ್ಮ ಕಡೆ ಎಚ್‌ಐವಿಗೆ ಜನರೇ ಹುಡುಕಿಕೊಂಡ ದಾರಿ

ಪರಿಚಯದ ಅಕ್ಕ ಒಬ್ಬರ ಜೊತೆ ಹುಬ್ಬಳ್ಳಿಯಿಂದ ಹಾವೇರಿ ಬಸ್ಸು ಹತ್ತಿದ್ದೆ. ಬಸ್ಸು ಬಿಡುವ ಮುಂಚೆ ಅವರು ಕೈಚೀಲದಿಂದ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ತೆಗೆದರು. ಅದರ ಮೇಲಿನ ಚೀಟಿಯನ್ನು ಆಗಲೇ ಉಗುರಿನಿಂದ ಕೆರೆದು ಕಿತ್ತಿದ್ದರು. ಸೆರಗಿನ ತುದಿಯ ಗಂಟು ಬಿಚ್ಚಿದರು. ಅದರಲ್ಲಿ ಸ್ವಲ್ಪ ಅರಳೆ ಇತ್ತು, ಹೊಲದ್ದೇ ಇರಬೇಕು, ಒಂದೆರಡು ಬೀಜ ಅಂಟಿಕೊಂಡಿದ್ದವು. ಬೀಜ ಬಿಡಿಸಿ, ಅರಳೆಯನ್ನು ಡಬ್ಬಿಯೊಳಗೆ ತುರುಕಿ, ಮುಚ್ಚಳ ಹಾಕಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸಪ್ಪಳ ಇಲ್ಲ.

"ಇಲ್ಲಾಂದ್ರ ದಾರಿಗುಂಟ ಗಲಗಲ ಅಂತೈತ್ರಿ. ಮಗ್ಗಲಾಗ ಕೂತವ್ರು ಯಾವ ಗುಳಿಗಿ ಅಂತ ಕೇಳ್ತಾರ."

ಅವರ ಊರಿಗೆ ಹಾವೇರಿಯೇ ಹತ್ತಿರ. ಎಚ್‌ಐವಿಯ ಈ ಗುಳಿಗೆ ಅಲ್ಲಿಯೂ ಸಿಗುತ್ತದೆ. ಆದರೆ ಅಲ್ಲಿ ಬೆಂಚಿನ ಮೇಲೆ ಕೂತರೆ ಊರಿನವರು ಯಾರಾದರೂ ನೋಡಿಯೇ ನೋಡುತ್ತಾರೆ. ಅದಕ್ಕೇ ಎಪ್ಪತ್ತು ಕಿಲೋಮೀಟರ್ ದಾಟಿ ಹುಬ್ಬಳ್ಳಿಗೆ ಬರುತ್ತಾರೆ. 2023ರಿಂದ ಹೆಂಗಸರಿಗೆ ಬಸ್ ಚಾರ್ಜು ಇಲ್ಲ, ಅದೊಂದು ಉಪಕಾರ. ಒಂದು ದಿನದ ಕೂಲಿ ಮಾತ್ರ ಹೋಗುತ್ತದೆ.

ಪುಕ್ಕಟೆ ಔಷಧಿ ಬಂದು ಇಪ್ಪತ್ತು ವರ್ಷ ದಾಟಿತು. ಆದರೂ ಡಬ್ಬಿಗೆ ಅರಳೆ ಯಾಕೆ ಬೇಕು? ಇದಕ್ಕೆ ಉತ್ತರ ಬೇಕಿದ್ದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೋಮನ್ ಅವರ ಮಾರ್ಗದರ್ಶನದಲ್ಲಿ ನಿರ್ಮಲಾ ಎಂಬ ವಿದ್ಯಾರ್ಥಿನಿ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ಸಂಗ್ರಹಿಸಿದ್ದರು. ಅದರಿಂದ ರೋಗ ಇಲ್ಲಿಗೂ ಬಂದಿದೆ ಅಂತ ಗೊತ್ತಾಯಿತು. ಜೊತೆಗೆ ಇನ್ನೊಂದು ಮಾತೂ ಜನರ ತಲೆಯಲ್ಲಿ ಕೂತುಬಿಟ್ಟಿತು: ಇದು "ಅಂಥವರಿಗೆ" ಬರುವ ರೋಗ. 1992ರಲ್ಲಿ ಕೇಂದ್ರ ಸರ್ಕಾರ ನ್ಯಾಕೋ ಎಂಬ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಶುರು ಮಾಡಿತು. 1997ರಲ್ಲಿ ಕರ್ನಾಟಕಕ್ಕೆ ತನ್ನದೇ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಬಂತು. ಗದಗ, ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಗಳಾದದ್ದೂ ಅದೇ ವರ್ಷ. ಹೊಸ ಜಿಲ್ಲೆಗಳು, ಇನ್ನೂ ಬಲಿಯದ ಆಸ್ಪತ್ರೆಗಳು. ದೊಡ್ಡ ಜಡ್ಡು ಅಂದರೆ ಎಲ್ಲರೂ ಹುಬ್ಬಳ್ಳಿಗೇ ಓಡುವ ಕಾಲ.

ಆಗಿನ ಗೋಡೆಬರಹಗಳು ನೆನಪಿವೆಯಾ? ತಲೆಬುರುಡೆ, ಅಡ್ಡ ಎಲುಬು, ಕೆಂಪು ಅಕ್ಷರ. ಏಡ್ಸ್ ಅಂದರೆ ಸಾವು. ಎಚ್ಚರಿಸಬೇಕು ಅನ್ನುವುದು ಉದ್ದೇಶ. ಆದರೆ ಅದನ್ನು ಓದಿದ ಜನ ಕಲಿತದ್ದು ರೋಗಿಯನ್ನು ಕಂಡು ಹೆದರುವುದನ್ನು. ನಮ್ಮ ಕಡೆ ಅದರ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ. "ದೊಡ್ಡ ರೋಗ" ಅನ್ನುತ್ತಿದ್ದರು, ಇಲ್ಲವೇ ಸುಮ್ನೆ "ಅದು". "ಅವಂಗ ಅದು ಐತಂತ" ಅಂದರೆ ಸಾಕು, ಕೇಳಿದವರು ದನಿ ತಗ್ಗಿಸುತ್ತಿದ್ದರು. ಮನೆಯಲ್ಲಿ ತಾಟು ಬೇರೆ, ಲೋಟ ಬೇರೆ, ಹಾಸಿಗೆ ಬೇರೆ. ಸತ್ತವರ ಮೈ ತೊಳೆಯಲು ಅಣ್ಣತಮ್ಮಂದಿರೂ ಹಿಂದೆ ಸರಿದದ್ದುಂಟು. ಸೊಳ್ಳೆಯಿಂದ ಬರುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೆ ಬರುವುದಿಲ್ಲ, ಕೆಮ್ಮಿದರೆ ಬರುವುದಿಲ್ಲ. ರಕ್ತದಿಂದ, ರಕ್ಷಣೆ ಇಲ್ಲದ ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ, ಇಷ್ಟೇ ದಾರಿ. ಇಷ್ಟು ತಿಳಿಸುವುದಕ್ಕೇ ವರ್ಷಗಟ್ಟಲೆ ಬೇಕಾಯಿತು.

ಉತ್ತರ ಕರ್ನಾಟಕದಲ್ಲಿ ಇದು ಜಾಸ್ತಿ ಹಬ್ಬಿದ್ದಕ್ಕೆ ಕಾರಣಗಳಿವೆ, ಅವು ಯಾರೊಬ್ಬರ ನಡತೆಯಲ್ಲಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಧಾರವಾಡ, ಹುಬ್ಬಳ್ಳಿ, ಹಾವೇರಿ, ರಾಣೇಬೆನ್ನೂರು ಹಿಡಿದು ಹೋಗುತ್ತದೆ. ಹುಬ್ಬಳ್ಳಿ ಲಾರಿಗಳ ಊರು, ರೈಲಿನ ಜಂಕ್ಷನ್. ಮಳೆ ಕೈಕೊಟ್ಟ ವರ್ಷ ಗದಗ, ಹಾವೇರಿಯ ಹಳ್ಳಿಗಳಿಂದ ಜನ ಗೋವಾ, ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ತಿಂಗಳುಗಟ್ಟಲೆ ಮನೆಯಿಂದ ದೂರ. ಇದರ ಜೊತೆಗೆ ಬಡ ದಲಿತ ಮನೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವ ಪದ್ಧತಿ. 1982ರಲ್ಲೇ ಕರ್ನಾಟಕ ಇದಕ್ಕೆ ನಿಷೇಧದ ಕಾನೂನು ಮಾಡಿತು. ಮುತ್ತು ಕಟ್ಟುವುದನ್ನು ಕಾನೂನು ಅಪರಾಧ ಮಾಡಿತು ನಿಜ, ಆದರೆ ಆಗಲೇ ಕಟ್ಟಿಸಿಕೊಂಡವರ ಹೊಟ್ಟೆಪಾಡಿಗೆ ಅಷ್ಟು ದಾರಿ ಆಗಲಿಲ್ಲ. ಮುಂಬೈ, ಕೋಲ್ಕತ್ತದ ಹಾಗೆ ಇಲ್ಲಿ ಕೆಂಪುದೀಪದ ಬೀದಿಗಳಿಲ್ಲ. ಲೈಂಗಿಕ ವೃತ್ತಿಯ ಬಹಳಷ್ಟು ಹೆಂಗಸರು ತಮ್ಮ ಊರಿನಲ್ಲೇ, ತಮ್ಮ ಮನೆಯಲ್ಲೇ ಇದ್ದರು. ಬೆಳಿಗ್ಗೆ ಹೊಲದ ಕೂಲಿ, ಮಕ್ಕಳ ಶಾಲೆ, ಎಲ್ಲರ ಹಾಗೆ ಸಂಸಾರ. ಹೊರಗಿನಿಂದ ಬಂದ ಯಾರಿಗೂ ಅವರು ಕಾಣುವ ಹಾಗಿರಲಿಲ್ಲ.

ಸರ್ಕಾರಕ್ಕೂ ಸಂಸ್ಥೆಗಳಿಗೂ ಇದೇ ದೊಡ್ಡ ತೊಡಕಾಯಿತು. ಜೀಪಿನಲ್ಲಿ ಬಂದು ಭಾಷಣ ಮಾಡಿ, ಕಾಂಡೋಮ್ ಹಂಚಿ ಹೋದರೆ ಏನೂ ಆಗುತ್ತಿರಲಿಲ್ಲ. ದಾರಿ ತೋರಿಸಿದ್ದು ಕೋಲ್ಕತ್ತದ ಕೆಂಪುದೀಪದ ಪ್ರದೇಶ ಸೋನಾಗಾಚಿ. ಅಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಶುರು ಮಾಡಿದ ಎಚ್‌ಐವಿ ತಡೆಯುವ ಕೆಲಸವನ್ನು ಅಲ್ಲಿನ ಲೈಂಗಿಕ ಕಾರ್ಯಕರ್ತೆಯರೇ ಕೈಗೆತ್ತಿಕೊಂಡು, 1995ರಲ್ಲಿ ದುರ್ಬಾರ್ ಎಂಬ ಸಂಘ ಕಟ್ಟಿದ್ದರು. 2003ರಲ್ಲಿ ಗೇಟ್ಸ್ ಫೌಂಡೇಶನ್‌ನ ಎಚ್‌ಐವಿ ತಡೆಯುವ ಆವಾಹನ್ ಯೋಜನೆ ಕರ್ನಾಟಕಕ್ಕೆ ಬಂತು. ಅದೇ ವರ್ಷ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯದ ಏಡ್ಸ್ ಸೊಸೈಟಿ ಸೇರಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಶುರು ಮಾಡಿದವು. ಹಣ ಬಂತು, ತಜ್ಞರು ಬಂದರು. ಆದರೆ ಕೆಲಸದ ಬುಡ ಇದ್ದದ್ದು ಇಲ್ಲಿನ ಹೆಂಗಸರ ತಿಳಿವಳಿಕೆಯಲ್ಲಿ.

ಅದು ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ನಾಲ್ಕೈದು ಜನ ಕೂತು ದೊಡ್ಡ ಹಾಳೆಯ ಮೇಲೆ ತಮ್ಮ ಊರಿನ ನಕ್ಷೆ ಬರೆಯುವರು. ಬಸ್ ನಿಲ್ದಾಣ ಇಲ್ಲಿ, ಸಂತೆ ಇಲ್ಲಿ, ಧಾಬಾ ಇಲ್ಲಿ, ಪೊಲೀಸರು ಬರುವುದು ಈ ಕಡೆಯಿಂದ. ಯಾವ ಜಾಗದಲ್ಲಿ ಎಷ್ಟು ಜನ, ಯಾವ ದಿನ, ಎಷ್ಟು ಹೊತ್ತಿಗೆ. ಓದು ಬರಹ ಬಾರದವರೇ ಹೆಚ್ಚು, ಹಾಗಾಗಿ ಲೆಕ್ಕವೆಲ್ಲ ಚಿತ್ರದಲ್ಲಿ. ಹೊಸಬಳಿಗೆ ಒಂದು ಗುರುತು, ಆಸ್ಪತ್ರೆಗೆ ಹೋಗಿ ಬಂದವಳಿಗೆ ಒಂದು, ಏಟು ತಿಂದವಳಿಗೆ ಇನ್ನೊಂದು. ಅವರೊಳಗಿನ ಒಬ್ಬಳೇ ಐವತ್ತು ಅರವತ್ತು ಜನರ ಜವಾಬ್ದಾರಿ ಹೊರುವಳು. ಇವರನ್ನೇ ಪೀರ್ ಎಜುಕೇಟರ್ ಅಂದರು.

ಕಾಂಡೋಮಿನ ಮಾತಿಗಿಂತ ಮೊದಲು ಆ ಹೆಂಗಸರು ಎತ್ತಿದ್ದು ಏಟಿನ ಮಾತು. ರೌಡಿಗಳ ಏಟು, ಗಿರಾಕಿಗಳ ಏಟು, ಲಾಠಿಯ ಏಟು. ಚೀಲದಲ್ಲಿ ಕಾಂಡೋಮ್ ಸಿಕ್ಕರೆ ಅದನ್ನೇ ಸಾಕ್ಷಿ ಅಂತ ಹಿಡಿದುಕೊಂಡು ಹೋಗುತ್ತಿದ್ದರೆ ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಹಾಗಾಗಿ ಅಪಾಯದ ಹೊತ್ತಿಗೆ ಫೋನ್ ಮಾಡಿದರೆ ಓಡಿ ಬರುವ ತಂಡಗಳಾದವು. ವಕೀಲರ ಪರಿಚಯ ಆಯಿತು. ಠಾಣೆಗಳಲ್ಲಿ ಪೊಲೀಸರ ಜೊತೆ ಕೂತು ಮಾತಾಡಿದರು. ಕಾಯಿಲೆ ತಡೆಯುವ ಕೆಲಸ ಮರ್ಯಾದೆಯ ಕೆಲಸವೂ ಆದದ್ದು ಹೀಗೆ. ನನಗೆ ಈ ಇಡೀ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಇದೇ. ಬೆಳಗಾವಿ, ಬಾಗಲಕೋಟೆ ಕಡೆ ಹುಟ್ಟಿದ ಸಂಘಗಳ ಹೆಸರು ನೋಡಿ: "ಏಡ್ಸ್ ತಡೆಗಟ್ಟುವ ಮಹಿಳಾ ಸಂಘ". ಊರೆಲ್ಲ "ಅದು" ಅನ್ನುತ್ತಿದ್ದ ಶಬ್ದವನ್ನು ಇವರು ಬೋರ್ಡಿನ ಮೇಲೆ ಬರೆಸಿದರು.

ಇನ್ನೊಂದು ಕಡೆ, ಸೋಂಕು ತಗುಲಿದವರ ಸಂಘಗಳು. 1997ರಲ್ಲಿ ದೇಶಮಟ್ಟದ ಒಕ್ಕೂಟ ಹುಟ್ಟಿತು, ಆಮೇಲೆ ಒಂದೊಂದಾಗಿ ಜಿಲ್ಲೆಗಳಲ್ಲಿ. ನಾನು ಕಂಡ ಮಟ್ಟಿಗೆ ನಮ್ಮ ಕಡೆ ಇವನ್ನು ಎತ್ತಿ ನಿಲ್ಲಿಸಿದವರು ಗಂಡನನ್ನು ಕಳೆದುಕೊಂಡ ಚಿಕ್ಕ ವಯಸ್ಸಿನ ಹೆಂಗಸರು. ಅವರ ಕಥೆ ಹೆಚ್ಚುಕಡಿಮೆ ಒಂದೇ. ಬಸುರಿಯಾದಾಗ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಪಾಸಿಟಿವ್ ಬಂತು. ಗಂಡನ ರಕ್ತ ಯಾರೂ ನೋಡಿರಲಿಲ್ಲ. ಮೊದಲು ಗೊತ್ತಾದದ್ದು ಇವಳದ್ದು, ಹಾಗಾಗಿ ತಂದವಳೂ ಇವಳೇ ಅಂತಾಯಿತು. ಗಂಡ ಸತ್ತ ಮೇಲೆ ಹೊಲದಲ್ಲಿ ಪಾಲು ಇಲ್ಲ, ಮನೆಯಲ್ಲಿ ಜಾಗ ಇಲ್ಲ. ತವರಿಗೆ ಬಂದರೆ ಅಲ್ಲಿಯೂ ತಾಟು ಬೇರೆ.

ಬಸ್ಸಿನಲ್ಲಿದ್ದ ಅಕ್ಕನದೂ ಇದೇ ಕಥೆ. ಅವರ ಹೆರಿಗೆಯ ಹೊತ್ತಿಗೆ ಒಂದು ಆಸ್ಪತ್ರೆಯಲ್ಲಿ ಮಂಚದ ತಲೆಗಟ್ಟಿಗೆ ಎಲ್ಲರಿಗೂ ಕಾಣುವ ಹಾಗೆ ಚೀಟಿ ಅಂಟಿಸಿದ್ದರಂತೆ. ನೋಡಲು ಬಂದ ಬೀಗರು ಬಾಗಿಲಿನಿಂದಲೇ ತಿರುಗಿ ಹೋದರು. ಎರಡು ತಿಂಗಳಾದ ಮೇಲೆ ಸಂಘದ ಇಬ್ಬರು ಹೆಂಗಸರು ಮನೆಗೆ ಬಂದರು. ಏನೂ ಉಪದೇಶ ಮಾಡಲಿಲ್ಲ. "ಚಾ ಮಾಡವಾ" ಅಂದರು. ಇವರಿಗೆ ಕೈ ನಡುಗಿತು. ತಾನು ಮಾಡಿದ ಚಹಾ ಹೊರಗಿನವರು ಕುಡಿದು ಎಷ್ಟು ದಿನವಾಗಿತ್ತೋ. ಅವರು ಬಸಿಗೆ ಹಾಕಿಕೊಂಡು ಕುಡಿದರು, ಇನ್ನರ್ಧ ಕಪ್ಪು ಕೇಳಿದರು. ಆಮೇಲೆ ಒಬ್ಬಳು ಹೇಳಿದಳು, "ನಂದೂ ಪಾಸಿಟಿವ್ ಐತಿ. ಏಳು ವರ್ಷ ಆತು. ಗಟ್ಟಿ ಅದೀನಿ, ನೋಡು." ಹೊಸಬರ ಮನೆಗೆ ಹೋದರೆ ಚಹಾ ಕುಡಿಯದೆ ಏಳಬಾರದು ಅನ್ನುವುದು ಆ ಸಂಘದಲ್ಲಿ ಬರೆಯದ ನಿಯಮ.

"ಗಟ್ಟಿ ಅದೀನಿ" ಅನ್ನಲು ಔಷಧಿ ಬೇಕಿತ್ತು. ಮೊದಲು ಈ ಗುಳಿಗೆಗಳಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತಿತ್ತು. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುತ್ತೇವೆ ಅಂತ ಮುಂದೆ ಬಂತು. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತವಾಗಿ ಈ ಗುಳಿಗೆಗಳ ಚಿಕಿತ್ಸೆ, ಅಂದರೆ ಎಆರ್‌ಟಿ ಕೊಡತೊಡಗಿತು. ಮೊದಲು ಎಂಟೇ ಆಸ್ಪತ್ರೆಗಳಲ್ಲಿ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ ಕೇಂದ್ರ ತೆರೆದ ಮೇಲೆ ಸುತ್ತಲಿನ ಜಿಲ್ಲೆಗಳ ಜನಕ್ಕೆ ಬೆಂಗಳೂರಿಗೆ ಹೋಗುವುದು ತಪ್ಪಿತು. ಆಗಿನ ನಿಯಮದಲ್ಲಿ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಸಿಡಿ4 ಕಣಗಳ ಎಣಿಕೆ 200ಕ್ಕಿಂತ ಕೆಳಗೆ ಇಳಿಯಬೇಕಿತ್ತು, ಅಂದರೆ ಸಾಕಷ್ಟು ಸೊರಗಿದ ಮೇಲೆ ಗುಳಿಗೆ. 2017ರಿಂದ ಹಾಗಿಲ್ಲ. ಪಾಸಿಟಿವ್ ಅಂತ ಗೊತ್ತಾದ ತಕ್ಷಣ ಶುರು. ಈಗ ಬಹಳಷ್ಟು ಜನಕ್ಕೆ ದಿನಕ್ಕೆ ಒಂದೇ ಗುಳಿಗೆ. ಬಿಡದೆ ತಗೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೇ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಏನೂ ಮಾಡದಿದ್ದರೆ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಸರಿಯಾಗಿ ಔಷಧಿ ಕೊಟ್ಟರೆ 5ಕ್ಕಿಂತ ಕಡಿಮೆ. ಅಕ್ಕನ ಮಗಳು ನೆಗೆಟಿವ್. ಈಗ ಪಿಯುಸಿ ಓದುತ್ತಿದ್ದಾಳೆ.

ಕಾನೂನು ಬಂದದ್ದು ತಡವಾಗಿ. 2017ರಲ್ಲಿ ಎಚ್‌ಐವಿ–ಏಡ್ಸ್ ಕಾಯ್ದೆ ಪಾಸಾಯಿತು, 2018ರ ಸೆಪ್ಟೆಂಬರ್ 10ರಿಂದ ಜಾರಿ. ಕೆಲಸದಿಂದ ತೆಗೆಯುವ ಹಾಗಿಲ್ಲ, ಶಾಲೆಗೆ ಸೇರಿಸುವುದಿಲ್ಲ ಅನ್ನುವ ಹಾಗಿಲ್ಲ, ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ, ಒಪ್ಪಿಗೆ ಇಲ್ಲದೆ ಯಾರ ಸ್ಥಿತಿಯನ್ನೂ ಬಯಲು ಮಾಡುವ ಹಾಗಿಲ್ಲ. ಸೋಂಕಿತರ ಮೇಲೆ ದ್ವೇಷ ಹಬ್ಬಿಸಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕೋರ್ಟಿನಲ್ಲಿ ಹೆಸರು ಮರೆಮಾಡಿ ಕೇಸು ನಡೆಸಬಹುದು. ಇದರಲ್ಲಿ ನನ್ನ ಮನಸ್ಸು ಕಲಕಿದ ಒಂದು ಮಾತಿದೆ. ಹನ್ನೆರಡು ವರ್ಷ ದಾಟಿದ, ಮನೆ ನಿಭಾಯಿಸುವ ತಿಳಿವಳಿಕೆ ಇರುವ ಮಗು ತನ್ನ ತಮ್ಮ ತಂಗಿಯರಿಗೆ ಪಾಲಕ ಆಗಬಹುದು. ಎಂಥೆಂಥ ಮನೆಗಳನ್ನು ಕಂಡ ಮೇಲೆ ಈ ಸಾಲು ಬರೆದಿರಬೇಕು, ಅಲ್ವಾ?

2020ರ ಲಾಕ್‌ಡೌನ್‌ನಲ್ಲಿ ಬಸ್ಸು ನಿಂತವು. ಆಗ ಒಂದೇ ಸಲಕ್ಕೆ ಹೆಚ್ಚು ತಿಂಗಳ ಗುಳಿಗೆ ಕೊಡುವ ವ್ಯವಸ್ಥೆ ಆಯಿತು, ಬರಲಾಗದವರಿಗೆ ಸಂಘದವರೇ ಮುಟ್ಟಿಸಿದರು. 2022ರಲ್ಲಿ ಔಷಧಿ ಕೊರತೆಯಾದಾಗ ಸೋಂಕಿತರು ದೆಹಲಿಯಲ್ಲಿ ನ್ಯಾಕೋ ಕಚೇರಿಯ ಮುಂದೆ 42 ದಿನ ಧರಣಿ ಕೂತರು. ಮುಖ ತೋರಿಸಿ, ಹೆಸರು ಹೇಳಿ ಕೂತವರು ಅವರು. ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದಲ್ಲಿ ಸೋಂಕಿತ ಹೆಂಗಸರಿಗೆ ಧನಶ್ರೀ ಎಂಬ ಯೋಜನೆ ಇದೆ. ಹೊಲಿಗೆ ಮಷಿನ್ನೋ, ಎಮ್ಮೆಯೋ, ಕಿರಾಣಿ ಅಂಗಡಿಯೋ ಮಾಡಿಕೊಳ್ಳಲು ನೆರವು. ಆದರೆ ಅರ್ಜಿ ಕೊಡಬೇಕಾದರೆ ಎಚ್‌ಐವಿ ಇದೆ ಅಂತ ಕಾಗದ ತೋರಿಸಬೇಕು. ಅದಕ್ಕೆ ಹೆದರಿ ಅಕ್ಕ ಎರಡು ವರ್ಷ ಸುಮ್ಮನಿದ್ದರು. ಕೊನೆಗೆ ಸಂಘದ ಕಾರ್ಯಕರ್ತೆ ಜೊತೆಗೆ ಹೋದ ಮೇಲೆ ಅರ್ಜಿ ಕೊಟ್ಟರು.

ಇಂದು ದೇಶದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು 25 ಲಕ್ಷದ ಆಸುಪಾಸು. ಹೊಸ ಸೋಂಕು ಮೊದಲಿಗಿಂತ ಎಷ್ಟೋ ಕಡಿಮೆ. ಗೋಡೆಯ ಮೇಲಿನ ತಲೆಬುರುಡೆಗಳು ಹೋಗಿವೆ. ಸಲಹೆ ಬೇಕಿದ್ದವರಿಗೆ 1097 ಎಂಬ ಉಚಿತ ಸಹಾಯವಾಣಿ ಇದೆ. ಆದರೆ ಬಾಡಿಗೆ ಮನೆ ಕೇಳುವಾಗ, ಮಗಳಿಗೆ ಗಂಡು ನೋಡುವಾಗ, ಹಲ್ಲು ಕೀಳಿಸಲು ಹೋದಾಗ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಾರೆ ಅಕ್ಕ. ಊರಿನಲ್ಲಿ ಕೇಳಿದವರಿಗೆ "ಬಿಪಿ ಗುಳಿಗಿ" ಅಂತ ಹೇಳಿದ್ದಾರೆ.

ರಾತ್ರಿ ಒಂಬತ್ತಕ್ಕೆ ಅವರು ಗುಳಿಗೆ ತಗೊಳ್ಳುವ ಹೊತ್ತು. ಮೊದಲು ಹಿರೇಕೆರೂರು ಕಡೆಯ ಒಬ್ಬ ಹುಡುಗಿಗೆ ಮಿಸ್ಡ್ ಕಾಲ್ ಕೊಡುತ್ತಾರೆ. ಅವಳಿಗೆ ಗುಳಿಗೆ ಶುರುವಾಗಿ ಮೂರು ತಿಂಗಳು, ಅತ್ತೆಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ತಗೊಂಡ ಮೇಲೆ ಅವಳು ತಿರುಗಿ ಮಿಸ್ಡ್ ಕಾಲ್ ಕೊಡಬೇಕು. ಅದು ಬರುವವರೆಗೆ ಅಕ್ಕ ಮಲಗುವುದಿಲ್ಲ.